ಸೆಂಟ್ರಿಂಗ್ ಹಲಗೆಯ ಮರ, ಸಮುದ್ರದ ದೋಣಿ

ನಮ್ಮ ಕಡೆ ಮಾವಿನ ಮರಕ್ಕೆ ಮರ್ಯಾದೆ ಕಡಿಮೆ. ಹಣ್ಣಿಗೆ ಮರ್ಯಾದೆ ಇದೆ. ಮಿಡಿಗೆ ಅದಕ್ಕಿಂತ ಜಾಸ್ತಿ ಇದೆ. ಒಳ್ಳೆಯ ಅಪ್ಪೆಮಿಡಿ ಸಿಗುತ್ತೆ ಅಂದರೆ ಹೊಳೆಗೆ ಬಾಗಿದ ಕೊಂಬೆಗೂ ಜನ ಹತ್ತುತ್ತಾರೆ. ಅದೇ ಮರ ಗಾಳಿಗೆ ಬಿದ್ದು ಮಿಲ್ಲಿಗೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ.

ನಾನು ಹೊಸನಗರ ತಾಲ್ಲೂಕಿನ ಒಂದು ಸಾಮಿಲ್ಲಿನಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವನು. ದಿಮ್ಮಿ ಅಳೆಯುವುದು, ಘನ ಅಡಿ ಹಾಕುವುದು, ಕೊಯ್ಯುವ ಕೂಲಿ ಬರೆಯುವುದು. ಮನೆ ಕಟ್ಟುವವರು ಬಂದರೆ ಮೊದಲು ತೇಗ ಕೇಳುತ್ತಾರೆ. ಬೀಟೆ ಅನ್ನುವಾಗ ದನಿ ತಗ್ಗಿಸುತ್ತಾರೆ. ದುಡ್ಡು ಸಾಲದಿದ್ದರೆ ಹಲಸು, ಹೊನ್ನೆ, ನಂದಿ, ಮತ್ತಿ ಅಂತ ಇಳಿಯುತ್ತಾರೆ. ಮಾವು ಮಾತ್ರ ಸೆಂಟ್ರಿಂಗ್ ಹಲಗೆಗೆ, ಪ್ಯಾಕಿಂಗ್ ಪೆಟ್ಟಿಗೆಗೆ. ಕೊಯ್ದಿಟ್ಟ ಮಾವಿನ ಹಲಗೆ ಒಂದು ಮಳೆಗಾಲ ಹೊರಗಿದ್ದರೆ ಮೈಯೆಲ್ಲ ಕಪ್ಪು, ಬುಡದಲ್ಲಿ ಮರ ಕೊರೆಯುವ ಕುಟ್ಟೆ ಹುಳುವಿನ ಪುಡಿ. ಇಂಥ ಮರ ಸಮುದ್ರಕ್ಕೆ ಹೋಗುತ್ತದೆ ಅಂದರೆ ಮಿಲ್ಲಿನವರಿಗೆ ತಮಾಷೆ ಅನ್ನಿಸುತ್ತದೆ.

ಆದರೆ ಹೋಗಿದೆ. ತಲೆಮಾರುಗಟ್ಟಲೆ ಹೋಗಿದೆ. ಕರಾವಳಿಯ ನಾಡದೋಣಿಗಳಲ್ಲಿ ಎಷ್ಟೋ ದೋಣಿಗಳ ಹೊಟ್ಟೆ ಒಂದೇ ಮಾವಿನ ಮರದ್ದು.

ಇದನ್ನು ನನ್ನ ತಲೆಗೆ ಹಾಕಿದವನು ಮೀನಿನವನು. ಗಂಗೊಳ್ಳಿ ಕಡೆಯವನು. ಹುಲಿಕಲ್ ಘಾಟಿ ಹತ್ತಿ, ಮಾಸ್ತಿಕಟ್ಟೆ ದಾಟಿ, ಬಂಗುಡೆ, ಬೈಗೆ ಮೀನು ತುಂಬಿಕೊಂಡು ಬೆಳಿಗ್ಗೆ ಟೆಂಪೋದಲ್ಲಿ ಬರುತ್ತಾನೆ. ಮಿಲ್ಲಿನ ಗೇಟಿನ ಹತ್ತಿರ ನಿಲ್ಲಿಸಿ ಹಾರ್ನ್ ಹೊಡೆಯುತ್ತಾನೆ. ಒಂದು ದಿನ ಗೇಟಿನ ಒಳಗೆ ಬಿದ್ದಿದ್ದ ಕಾಡುಮಾವಿನ ದಿಮ್ಮಿಯನ್ನು ಸುತ್ತು ಹಾಕಿ ನೋಡಿದ. ಕಾಲಿನಲ್ಲಿ ಒದ್ದು ಸದ್ದು ಕೇಳಿದ.

"ರೈಟ್ರೇ, ಇದನ್ನ ಹಲಗೆ ಮಾಡ್ತ್ರ್ಯಾ? ಇದ್ರಾಗೆ ಒಂದ್ ದೋಣಿ ಇತ್ತ್ ಮಾರಾಯ್ರೆ."

ಅವನ ದೊಡ್ಡಪ್ಪನ ದೋಣಿ ಮನೆಯ ಹಿಂದೆ ತೆಂಗಿನ ಗರಿಯ ಚಪ್ಪರದಡಿ ಇನ್ನೂ ಇದೆಯಂತೆ. ದೋಣಿ ಮಗುಚದ ಹಾಗೆ ಅದರ ಪಕ್ಕಕ್ಕೆ ಕಟ್ಟುವ ತೇಲುಮರ, ಅಂದರೆ ಪಕ್ಕದ ಮರವೂ ಬಿಚ್ಚಿಟ್ಟ ಹಾಗೇ ಇದೆಯಂತೆ. ನೋಡಲೇಬೇಕು ಅನ್ನಿಸಿತು. ಅಕ್ಕನನ್ನು ಕುಂದಾಪುರಕ್ಕೆ ಕೊಟ್ಟಿದ್ದೇವೆ. ಹಾಗಾಗಿ ಘಟ್ಟ ಇಳಿಯಲು ನೆಪ ಹುಡುಕಬೇಕಾಗಿರಲಿಲ್ಲ. ಟೇಪು ಜೇಬಿನಲ್ಲಿ ಹಾಕಿಕೊಂಡೆ.

ಗಂಗೊಳ್ಳಿಗೆ ಹೋಗುವುದು ನಮ್ಮವರಿಗೆ ಒಂದು ರೀತಿ ನಮ್ಮದೇ ನೀರಿನ ಹಿಂದೆ ಹೋದ ಹಾಗೆ. ವಾರಾಹಿ, ಚಕ್ರಾ ಎರಡೂ ಘಟ್ಟದ ಮೇಲಿನಿಂದ ಇಳಿಯುವ ಹೊಳೆಗಳು. ಮಾಣಿ, ಸಾವೆಹಕ್ಲು ಅಣೆಕಟ್ಟುಗಳು ಬಂದ ಮೇಲೆ ನೀರಿನ ದಾರಿ ಸ್ವಲ್ಪ ಬದಲಾಯಿತು, ಆ ಮಾತು ಬೇರೆ. ಐದು ಹೊಳೆ ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಹತ್ತಿರ ಸಮುದ್ರ ಸೇರುತ್ತವೆ. ಬಿದನೂರಿನ ನಾಯಕರ ಕಾಲದಲ್ಲಿ ಘಟ್ಟದ ಮೇಲಿನ ಮೆಣಸು ಇದೇ ದಿಕ್ಕಿಗೆ ಇಳಿದು ಬಸರೂರಿನ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಮೆಣಸಿನ ಕತೆ ಎಲ್ಲರೂ ಹೇಳುತ್ತಾರೆ. ಮರದ ಕತೆ ಹೇಳುವವರು ಕಡಿಮೆ.

ದೋಣಿ ಚಪ್ಪರದಡಿ ಮಗುಚಿ ಬಿದ್ದಿತ್ತು. ಅಳೆದೆ. ತುದಿಯಿಂದ ತುದಿಗೆ 27 ಅಡಿ. ನಡುವಿನ ಅಗಲ ಮೂರಡಿಗೆ ಎರಡು ಬೆರಳು ಕಡಿಮೆ. ಈ ಎರಡು ಅಳತೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಉದ್ದಕ್ಕೂ ಅಗಲಕ್ಕೂ ತಾಳಮೇಳವೇ ಇಲ್ಲ. ನಾಲ್ಕು ಜನ, ಒಂದು ರಾಶಿ ಒದ್ದೆ ಬಲೆ, ಮೇಲೆ ಮೀನು. ಅಲೆಯಲ್ಲಿ ಇದು ನಿಲ್ಲುವುದಾದರೂ ಹೇಗೆ?

ಅಗಲ ಮಾಡಿದರಾಯಿತು ಅನ್ನುವ ಹಾಗಿಲ್ಲ. ಮರವನ್ನು ಬರೀ ತೋಡಿ ಮಾಡಿದ ದೋಣಿಯ ಅಗಲ ಮರದ ದಪ್ಪಕ್ಕಿಂತ ಹೆಚ್ಚಾಗುವುದಿಲ್ಲ. ಮೂರಡಿ ಅಗಲ ಬೇಕಾದರೆ ತೊಗಟೆ ಬಿಟ್ಟು ಒಂಬತ್ತೂವರೆ ಅಡಿ ಸುತ್ತಳತೆಯ ಮರ ಬೇಕು. ಆರಡಿ ಅಗಲ ಬೇಕು ಅಂದರೆ ಹತ್ತೊಂಬತ್ತು ಅಡಿ ಸುತ್ತಳತೆ. ಅಂಥ ಮಾವಿನ ಮರ ಸಿಕ್ಕಿದರೂ ಅಷ್ಟು ಹಳೆಯದು ಒಳಗೆ ಟೊಳ್ಳಾಗಿರುವುದೇ ಹೆಚ್ಚು. ನೆಟ್ಟಗಿರುವುದಂತೂ ದೂರದ ಮಾತು. ಅಂದರೆ ಉದ್ದ ಎಷ್ಟು ಬೇಕಾದರೂ ಸಿಗುತ್ತದೆ, ಅಗಲ ಸಿಗುವುದಿಲ್ಲ. ಮರ ಕೊಡದ ಅಗಲವನ್ನು ಬೇರೆ ಎಲ್ಲಿಂದಲೋ ತರಬೇಕು. ಪಕ್ಕದ ಮರ ಹುಟ್ಟಿದ್ದು ಈ ಕೊರತೆಗೆ.

ದೋಣಿಯ ಮೇಲೆ ಅಡ್ಡಕ್ಕೆ ಎರಡು ಗಳ ಕಟ್ಟುತ್ತಾರೆ. ಗಳ ಒಂದು ಕಡೆ ಏಳೆಂಟು ಅಡಿ ಹೊರಗೆ ಚಾಚಿರುತ್ತದೆ. ಅದರ ತುದಿಗೆ ಒಂದು ಹಗುರ ಮರದ ತುಂಡು, ದೋಣಿಗೆ ಸರಿಸಮವಾಗಿ, ನೀರಿನ ಮೇಲೆ ಮಲಗಿದ ಹಾಗೆ. ನಾನು ನೋಡಿದ್ದರಲ್ಲಿ ಅದು ದೋಣಿಯ ಅರ್ಧದಷ್ಟು ಉದ್ದವಿತ್ತು. ಮುಂದಿನ ತುದಿ ಚೂಪು, ಸ್ವಲ್ಪ ಮೇಲಕ್ಕೆ ಎತ್ತಿದ್ದು, ಅಲೆಯೊಳಗೆ ನುಗ್ಗಿ ಮುಳುಗದ ಹಾಗೆ. ಇಷ್ಟೇ ಇಡೀ ವಿದ್ಯೆ. ಗಣಿತದವರ ಲೆಕ್ಕದಲ್ಲಿ ಒಂದೇ ಆಕಾರದ ದೋಣಿಯ ಅಗಲ ಎರಡರಷ್ಟಾದರೆ ಅದು ಓರೆಯಾಗುವುದನ್ನು ತಡೆಯುವ ಶಕ್ತಿ ಸುಮಾರು ಎಂಟರಷ್ಟಾಗುತ್ತದೆ. ಈ ಮೂರಡಿಯ ದೋಣಿ ಪಕ್ಕದ ಮರ ಕಟ್ಟಿಕೊಂಡರೆ ನೀರಿನ ಮೇಲೆ ಹತ್ತಡಿ ಅಗಲದ ಜಾಗ ಹಿಡಿಯುತ್ತದೆ. ಆದರೆ ಆ ಹತ್ತಡಿಯನ್ನು ತಳ್ಳಿಕೊಂಡು ಹೋಗಬೇಕಾಗಿಲ್ಲ. ಹುಟ್ಟು ಹಾಕುವವನಿಗೆ ಮೂರಡಿಯದ್ದೇ ಕಷ್ಟ, ಪಕ್ಕದ ಮರದ್ದು ಸ್ವಲ್ಪ ಮಾತ್ರ.

ಪಕ್ಕದ ಮರ ಎರಡು ರೀತಿ ಕೆಲಸ ಮಾಡುತ್ತದೆ. ದೋಣಿ ಅದರ ಕಡೆಗೆ ವಾಲಿದರೆ ಮರ ನೀರಿಗೆ ಒತ್ತುತ್ತದೆ, ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಇನ್ನೊಂದು ಕಡೆಗೆ ವಾಲಿದರೆ ಮರ ನೀರಿನಿಂದ ಮೇಲೇಳುತ್ತದೆ, ಆಗ ಅದರ ಭಾರವೇ ಹಿಡಿದು ಕೆಳಗೆ ಎಳೆಯುತ್ತದೆ. ಹಾಗಾಗಿ ತೀರ ಹಗುರವಾದರೂ ಆಗುವುದಿಲ್ಲ, ಭಾರವಾದರೂ ಆಗುವುದಿಲ್ಲ. ಬಲೆ ಎಳೆಯುವುದು ಯಾವಾಗಲೂ ಮರ ಇಲ್ಲದ ಬದಿಯಿಂದ. ಮರ ಇರುವ ಕಡೆಯಿಂದ ಎಳೆದರೆ ಬಲೆ ಗಳಕ್ಕೆ ಸಿಕ್ಕಿಕೊಳ್ಳುತ್ತದೆ ಅಲ್ವಾ. ಬಲೆಯ ಭಾರಕ್ಕೆ ದೋಣಿ ವಾಲುವಾಗ ಎದುರು ಬದಿಯಲ್ಲಿ ತೂಗಿ ಹಿಡಿಯಲು ಪಕ್ಕದ ಮರ ಇದ್ದೇ ಇರುತ್ತದೆ.

ದೊಡ್ಡಪ್ಪ ಬಂದು ಪಕ್ಕದ ಮರದ ಮೇಲೆಯೇ ಕುಳಿತರು. ವಯಸ್ಸಾಗಿದೆ, ಆದರೆ ಕೈ ಇನ್ನೂ ಗಟ್ಟಿ. ಹುಡುಗನಾಗಿದ್ದಾಗ ದೋಣಿ ಮಾಡುವ ಮೇಸ್ತ್ರಿಯ ಕೈಕೆಳಗೆ ಬಾಚಿ ಹಿಡಿದವರು. ಆಮೇಲೆ ಸಮುದ್ರಕ್ಕೆ ಹೋದವರು.

"ಯಜಮಾನ್ರೇ, ಮಾವೇ ಯಾಕೆ?" ಅಂತ ಕೇಳಿದೆ.

"ಮತ್ತೆಂತ ಸಿಕ್ಕುದ್? ತೇಗದ ಮರ ನಮ್ಗೆ ಯಾರ್ ಕೊಡ್ತ್ರ್?"

ಅದು ನಿಜವಾದ ಕಾರಣಗಳಲ್ಲಿ ಒಂದು. ತೇಗ ಸರ್ಕಾರದ್ದು, ಹಡಗಿನವರದ್ದು. ಮಾವು ಬಡವನ ಕೈಗೆ ಸಿಗುವ ದೊಡ್ಡ ಮರ. ಇನ್ನೊಂದು ಕಾರಣ ನನಗೆ ಗೊತ್ತಿದ್ದದ್ದೇ: ಮಾವು ಮೆತ್ತಗೆ, ಬಾಚಿಗೆ ಸುಲಭವಾಗಿ ಬಗ್ಗುತ್ತದೆ. ಒಂದು ಮತ್ತಿ ಮರವನ್ನು ಕೈಯಲ್ಲಿ ತೋಡಿ ನೋಡಿ, ಆಗ ಗೊತ್ತಾಗುತ್ತದೆ. ದುಡ್ಡಿದ್ದವರು ಹೆಬ್ಬಲಸಿನಲ್ಲಿ ಮಾಡಿಸುತ್ತಿದ್ದರಂತೆ. ಹೆಬ್ಬಲಸು ನೀರಿಗೂ ಹುಳುವಿಗೂ ಜಗ್ಗದ ಮರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬೆಲೆಯೇ ಬೇರೆ.

ಮರ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕಾಡಿನಲ್ಲಿ ಬೆಳಕಿಗಾಗಿ ಪೈಪೋಟಿ ಮಾಡಿ ಬೆಳೆದ ಮಾವು ಕೊಂಬೆಯಿಲ್ಲದೆ ನೆಟ್ಟಗೆ ಏರಿರುತ್ತದೆ. ಅಂಥದ್ದು ಬೇಕು. ಕೊಡಲಿಯ ಹಿಂಬದಿಯಿಂದ ಹೊಡೆದು ಕೇಳಬೇಕು. ಟೊಳ್ಳಿದ್ದರೆ ಸದ್ದು ಬೇರೆ. ಕಡಿಯುವುದು ಮಳೆ ಮುಗಿದ ಮೇಲೆ, ಕತ್ತಲೆ ಪಕ್ಷದಲ್ಲಿ. ಬೆಳದಿಂಗಳಲ್ಲಿ ಕಡಿದರೆ ಕುಟ್ಟೆ ಹಿಡಿಯುತ್ತದೆ ಅನ್ನುವ ನಂಬಿಕೆ ನಮ್ಮಲ್ಲೂ ಇದೆ. ಬಿದಿರು ಕಡಿಯುವವರೂ ಇದನ್ನೇ ಹೇಳುತ್ತಾರೆ. ಚಂದ್ರನ ವಿಷಯ ಪಕ್ಕಕ್ಕಿಡಿ, ಮಳೆಗಾಲ ಕಳೆದ ಮೇಲೆ ಕಡಿಯುವುದು ಸರಿಯಾದದ್ದೇ. ಮಳೆಯಲ್ಲಿ ಕಡಿದ ಮಾವಿಗೆ ಬೂಸಲು ಹಿಡಿಯುವುದನ್ನು ಮಿಲ್ಲಿನಲ್ಲಿ ದಿನಾ ನೋಡಿದ್ದೇನೆ.

ಆಮೇಲಿನದ್ದು ನನ್ನ ಮಿಲ್ಲಿನ ಲೆಕ್ಕಕ್ಕೆ ಹೊಟ್ಟೆ ಉರಿಸುವ ಕೆಲಸ. 27 ಅಡಿ ಉದ್ದ, ಮೂರೂವರೆ ಅಡಿ ದಪ್ಪದ ದಿಮ್ಮಿ ಅಂದರೆ ಸುಮಾರು 260 ಘನ ಅಡಿ. ಹಸಿ ಮಾವು ಅಷ್ಟಾದರೆ ಆರು ಟನ್ನಿನ ಆಸುಪಾಸು. ಅದರಲ್ಲಿ ದೋಣಿಯಾಗಿ ಉಳಿಯುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಮಿಕ್ಕಿದ್ದೆಲ್ಲ ಚೆಕ್ಕೆ. ಅದೇ ದಿಮ್ಮಿಯನ್ನು ಬ್ಯಾಂಡ್‌ಸಾ ಮೇಲೆ ಹಾಕಿದರೆ ಹಲಗೆ ದೋಣಿಗಳು ಎಷ್ಟಾಗುತ್ತಿದ್ದವು! ಆದರೆ ಬ್ಯಾಂಡ್‌ಸಾ ಇಲ್ಲದ ಕಾಲ ಅದು. ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆದು 27 ಅಡಿಯ ಹಲಗೆ ತೆಗೆಯುವುದಕ್ಕಿಂತ ಬಾಚಿಯಲ್ಲಿ ತೋಡುವುದೇ ಸಲೀಸು. ಮೇಲಾಗಿ ಒಂದೇ ಮರದ ತಳಕ್ಕೆ ಕೂಡಿಕೆ ಇಲ್ಲ. ಕೂಡಿಕೆ ಇಲ್ಲದ ಕಡೆ ನೀರು ಒಸರುವುದಿಲ್ಲ. ದಿನಾ ಮರಳಿನ ಮೇಲೆ ಎಳೆಯುವ ದೋಣಿಗೆ ಇದು ಸಣ್ಣ ಲಾಭ ಅಲ್ಲ.

ಆರು ಟನ್ನಿನ ದಿಮ್ಮಿಯನ್ನು ಹಾಗೇ ಸಾಗಿಸುವುದು ಸುಲಭವಲ್ಲ. ಹಾಗಾಗಿ ಮರ ಬಿದ್ದ ಜಾಗದಲ್ಲೇ ಒರಟಾಗಿ ತೋಡಿ ಭಾರ ಇಳಿಸುವುದು ಪಶ್ಚಿಮ ಕರಾವಳಿಯ ಹಳೆಯ ಪದ್ಧತಿ. ಮಲಬಾರದ ಕಾಡುಗಳಲ್ಲಿ ಹೀಗೆ ತೋಡಿದ ದೋಣಿಗಳು ಉತ್ತರದ ಊರುಗಳಿಗೂ ಮಾರಾಟಕ್ಕೆ ಹೋಗುತ್ತಿದ್ದವು. ಹಸಿಯಲ್ಲೇ ತೋಡುವುದರಿಂದ ಇನ್ನೊಂದು ಅನುಕೂಲ ಇದೆ, ಇದನ್ನು ಮರದವರು ಬೇಗ ಒಪ್ಪುತ್ತಾರೆ. ದಿಮ್ಮಿ ಇಡಿಯಾಗಿ ಒಣಗಿದರೆ ಸೀಳುತ್ತದೆ. ಹೊರಮೈ ಮೊದಲು ಒಣಗಿ ಕುಗ್ಗುವಾಗ ನಡುವಿನ ತಿರುಳು ಬಿಡದೆ ಹಿಡಿದಿರುವುದರಿಂದ ಸೀಳು ಬರುತ್ತದೆ. ದೋಣಿ ತೋಡುವಾಗ ಮೊದಲು ಹೋಗುವುದೇ ಆ ತಿರುಳು. ಉಳಿದ ತೆಳ್ಳನೆ ಗೋಡೆ ಸಮನಾಗಿ ಒಣಗುತ್ತದೆ. ಎರಡು ತುದಿ ಮಾತ್ರ ಇಡಿ ಮರವಾಗಿ ಉಳಿಯುವುದರಿಂದ ಅವುಗಳಿಗೆ ಸಗಣಿಯನ್ನೋ ಮಣ್ಣನ್ನೋ ಮೆತ್ತಿ ನೆರಳಿನಲ್ಲಿ ಇಡಬೇಕು.

ಮೊದಲು ಹೊರಮೈ. ದಿಮ್ಮಿಯನ್ನು ಬೋರಲು ಹಾಕಿ ಕೊಡಲಿಯಿಂದ ಹೊಟ್ಟೆಯ ಆಕಾರ ತೆಗೆಯುತ್ತಾರೆ. ದಾರಕ್ಕೆ ಮಸಿ ಹಚ್ಚಿ ನಡುಗೆರೆ ಹೊಡೆಯುತ್ತಾರೆ. ಆ ಗೆರೆ ತಪ್ಪಿದರೆ ದೋಣಿ ಬದುಕಿಡೀ ಒಂದು ಕಡೆ ಎಳೆಯುತ್ತದಂತೆ. ಹೊರಮೈ ಮುಗಿದ ಮೇಲೆ ಅಂಗಾತ ತಿರುಗಿಸಿ ಒಳಗೆ ಬಾಚಿ. ತಳ ಎರಡು ಇಂಚು ದಪ್ಪ, ಬದಿ ಮೇಲೆ ಹೋದ ಹಾಗೆ ತೆಳ್ಳಗೆ. ಒಳಗಿನಿಂದ ಕೆತ್ತುವಾಗ ಇನ್ನೆಷ್ಟು ಉಳಿದಿದೆ ಅಂತ ಗೊತ್ತಾಗುವುದು ಹೇಗೆ ಅನ್ನುವುದು ನನ್ನ ಪ್ರಶ್ನೆಯಾಗಿತ್ತು. ದೊಡ್ಡಪ್ಪ ಬೆರಳ ಗೆಣ್ಣಿನಿಂದ ದೋಣಿಯ ಮೈಮೇಲೆ ಅಲ್ಲಲ್ಲಿ ಬಡಿದು ತೋರಿಸಿದರು. ದಪ್ಪ ಇದ್ದಲ್ಲಿ ಒಂದು ಸದ್ದು, ತೆಳ್ಳಗಿದ್ದಲ್ಲಿ ಇನ್ನೊಂದು. ನಂಬಿಕೆ ಸಾಲದ ಜಾಗದಲ್ಲಿ ಸಣ್ಣ ಬೈರಿಗೆಯಿಂದ ತೂತು ಕೊರೆದು ಕಡ್ಡಿ ಇಳಿಸಿ ನೋಡುವುದು. ಆಮೇಲೆ ಆ ತೂತಿಗೆ ಮರದ ಬೆಣೆ ಹೊಡೆಯುವುದು. ತಳದಲ್ಲಿ ಆ ಬೆಣೆಗಳ ಗುರುತು ಈಗಲೂ ಕಾಣುತ್ತದೆ, ಬಿಲ್ಲೆಯಷ್ಟು ದೊಡ್ಡ ಕಪ್ಪು ಚುಕ್ಕೆಗಳು.

ತೋಡಿದ ಹೊಟ್ಟೆ ಮಾತ್ರ ಸಮುದ್ರಕ್ಕೆ ಸಾಲದು. ಅಲೆ ಒಳಗೆ ಬರುತ್ತದೆ. ಅದರ ಅಂಚಿನ ಮೇಲೆ ಒಂದೋ ಎರಡೋ ಸಾಲು ಹಲಗೆ ಏರಿಸಬೇಕು. ಇಲ್ಲಿ ಮೊಳೆ ಇಲ್ಲ. ಹೊಲಿಗೆ. ಹಲಗೆಯ ಅಂಚಿನಲ್ಲೂ ಹೊಟ್ಟೆಯ ಅಂಚಿನಲ್ಲೂ ಸಾಲಾಗಿ ತೂತು, ಅದರಲ್ಲಿ ಕತ್ತದ ಹಗ್ಗ. ಕೂಡಿಕೆಯ ಉದ್ದಕ್ಕೂ ತೆಂಗಿನ ನಾರಿನ ಹೊಸೆದ ಸಿಂಬಿ ಇಟ್ಟು, ಅದರ ಮೇಲೆ ಹಗ್ಗ ಬಿಗಿಯುತ್ತಾರೆ. ತೂತಿನ ಸಂದಿಗೆ ನಾರು ತುರುಕಿ, ಎಣ್ಣೆಯಲ್ಲಿ ಕಾಯಿಸಿದ ಮರದ ಅಂಟು ಹೊಯ್ಯುತ್ತಾರೆ. ಕಬ್ಬಿಣದ ಮೊಳೆ ಉಪ್ಪು ನೀರಿನಲ್ಲಿ ತುಕ್ಕು ಹಿಡಿದು ತನ್ನ ಸುತ್ತಲಿನ ಮರವನ್ನೂ ತಿನ್ನುತ್ತದೆ. ಹಗ್ಗ ಹಾಗಲ್ಲ, ಉಪ್ಪು ನೀರು ಕತ್ತಕ್ಕೆ ಒಗ್ಗುತ್ತದೆ. ದಡದ ಅಲೆ ದೋಣಿಯನ್ನು ಮರಳಿಗೆ ಕುಕ್ಕಿದಾಗ ಹೊಲಿಗೆ ಸ್ವಲ್ಪ ಸಡಿಲಿ ಮತ್ತೆ ಕೂರುತ್ತದೆ. ಮೊಳೆಯಾದರೆ ಹಲಗೆಯೇ ಸೀಳುತ್ತಿತ್ತು.

ಹೊಲಿದ ಹಡಗಿನ ವಿಷಯ ಈಚೆಗೆ ಪೇಪರಿನಲ್ಲೂ ಬಂತು. ಅಜಂತಾದ ಗುಹೆಯ ಚಿತ್ರ ನೋಡಿ, ಮೊಳೆ ಇಲ್ಲದೆ ಕತ್ತದ ಹಗ್ಗದಿಂದ ಹೊಲಿದು ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ ಅನ್ನುವ ಹಾಯಿ ಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿಸಿಕೊಂಡಿತು. ಸಂತೋಷವೇ. ಆದರೆ ಒಂದು ಸಣ್ಣ ಗೊಣಗಾಟ ನನ್ನದೂ ಇರಲಿ. ಸಾವಿರದ ಐನೂರು ವರ್ಷ ಹಿಂದಿನ ಚಿತ್ರಕ್ಕೆ ಇಷ್ಟು ಸಡಗರ ಮಾಡುವ ನಾವು, ಚಪ್ಪರದಡಿ ಬಿದ್ದಿರುವ ಹೊಲಿಗೆ ದೋಣಿಯ ಒಂದು ನಕ್ಷೆಯನ್ನಾದರೂ ಬರೆದಿಡಬಹುದಿತ್ತು.

ಪಕ್ಕದ ಮರವನ್ನೂ ಹೀಗೇ ಹಗ್ಗದಲ್ಲೇ ಕಟ್ಟುತ್ತಾರೆ. ದೋಣಿಗೆ ಗಳ, ಗಳಕ್ಕೆ ಪಕ್ಕದ ಮರ, ಎಲ್ಲ ಕಟ್ಟು. ಎಲ್ಲಿಯೂ ಬೋಲ್ಟು ಇಲ್ಲ. ಕಾರಣ ಸುಲಭ. ದೋಣಿ ಒಂದು ಅಲೆಯ ಮೇಲೆ ಇದ್ದಾಗ ಪಕ್ಕದ ಮರ ಇನ್ನೊಂದರ ಮೇಲೆ ಇರುತ್ತದೆ. ಇಬ್ಬರೂ ಒಂದೇ ತಾಳಕ್ಕೆ ಕುಣಿಯುವುದಿಲ್ಲ. ಆ ಜಗಳವನ್ನು ಕಟ್ಟು ನುಂಗಿಕೊಳ್ಳಬೇಕು. ಗಟ್ಟಿಯಾಗಿ ಹಿಡಿದಿಟ್ಟರೆ ಗಳ ಮುರಿಯುತ್ತದೆ. ಗಳಕ್ಕೆ ಬಾಗಿ ಬೆಳೆದ ಕೊಂಬೆಯನ್ನೇ ಹುಡುಕುತ್ತಾರೆ. ನೇರ ಮರವನ್ನು ಬಗ್ಗಿಸುವುದಲ್ಲ, ಬಗ್ಗಿದ್ದನ್ನೇ ತರುವುದು. ಮಿಲ್ಲಿನಲ್ಲಿ ನಾವು ಸೌದೆಗೆ ಎಸೆಯುವ ಸೊಟ್ಟ ಕೊಂಬೆಗೆ ಅಲ್ಲಿ ಒಳ್ಳೆಯ ಬೆಲೆ. ಗಳ ಎಷ್ಟು ಬಾಗಿರಬೇಕು ಅನ್ನುವುದರಲ್ಲಿ ಮೇಸ್ತ್ರಿಯ ಕಣ್ಣು ಗೊತ್ತಾಗುತ್ತದೆ. ಖಾಲಿ ದೋಣಿಯಲ್ಲಿ ಪಕ್ಕದ ಮರ ನೀರಿಗೆ ಸುಮ್ನೆ ತಾಗಿರಬೇಕು. ಮೀನು ತುಂಬಿದ ಮೇಲೆ ಅರ್ಧ ಮುಳುಗಬೇಕು. ಜಾಸ್ತಿ ಬಾಗಿದರೆ ಖಾಲಿ ದೋಣಿ ಓರೆ, ಕಡಿಮೆಯಾದರೆ ತುಂಬಿದ ದೋಣಿ ಓರೆ.

ಇನ್ನು ಪಕ್ಕದ ಮರ ಯಾವುದು? ನಾನು ಉಗುರಿನಿಂದ ಒತ್ತಿ ನೋಡಿದೆ. ಗುರುತು ಬಿತ್ತು. ದೊಡ್ಡಪ್ಪ ನಕ್ಕರು. ಹಾಲುವಾಣ! ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ನೆಡುವ ಅದೇ ಮುಳ್ಳು ಮೈಯ ಮರ. ಕಾಫಿ ತೋಟದವರು ನೆರಳಿಗೆ ಇಟ್ಟುಕೊಳ್ಳುತ್ತಾರೆ. ಒಣಗಿದ ಮೇಲೆ ನೀರಿನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ತೂಗುತ್ತದೆ. ಸೌದೆಗೂ ಬೇಡ, ಹಲಗೆಗೂ ಬೇಡ. ಮಿಲ್ಲಿನಲ್ಲಿ ಮಾವಿಗೆ ಕೊನೆಯ ಸಾಲಿನಲ್ಲಾದರೂ ಜಾಗ ಇದೆ, ಹಾಲುವಾಣಕ್ಕೆ ಗೇಟಿನ ಒಳಗೇ ಪ್ರವೇಶ ಇಲ್ಲ. ಆದರೆ ತೇಲುವ ಕೆಲಸಕ್ಕೆ ಇದಕ್ಕಿಂತ ಹಗುರವಾದದ್ದು, ಸುಲಭವಾಗಿ ಸಿಗುವಂಥದ್ದು ನಮ್ಮ ಗುಡ್ಡದಲ್ಲಿ ಬೂರುಗ ಬಿಟ್ಟರೆ ಕಡಿಮೆಯೇ. ನೀರು ಕುಡಿದು ಭಾರವಾಗುತ್ತದೆ, ಅದೊಂದು ದೋಷ. ಅದಕ್ಕೇ ಕಟ್ಟು ಬಿಚ್ಚಿ ದಡದಲ್ಲಿ ಒಣಗಿಸುತ್ತಾರೆ. ಕೆಟ್ಟರೆ ಇನ್ನೊಂದು ತರುತ್ತಾರೆ. ದೋಣಿಯ ಹೊಟ್ಟೆ ಅಪ್ಪನ ಕಾಲದ್ದು, ಪಕ್ಕದ ಮರ ಮೊನ್ನೆಯದ್ದು.

ಈ ಉಪಾಯ ನಮ್ಮ ಕರಾವಳಿಯದ್ದು ಮಾತ್ರವಲ್ಲ. ತೈವಾನಿನಿಂದ ಹೊರಟು ಫಿಲಿಪ್ಪೀನ್ಸ್, ಇಂಡೋನೇಷ್ಯಾ ದಾಟಿ, ಒಂದು ಕಡೆ ಹವಾಯಿ, ನ್ಯೂಜಿಲೆಂಡಿನವರೆಗೆ, ಇನ್ನೊಂದು ಕಡೆ ಮಡಗಾಸ್ಕರಿನವರೆಗೆ ಹೋದ ಸಮುದ್ರದ ಜನ ಇಂಥ ದೋಣಿಗಳಲ್ಲೇ ಓಡಾಡಿದವರು. ಫಿಲಿಪ್ಪೀನ್ಸಿನ ಬಂಕಾ ದೋಣಿಗೆ ಎರಡೂ ಕಡೆ ಬಿದಿರು. ಮದ್ರಾಸಿನ ಮೀನುಗಾರಿಕೆ ಇಲಾಖೆಯನ್ನು ನಡೆಸಿದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ಮೇಲೆ ದೊಡ್ಡ ಪ್ರಬಂಧ ಬರೆದ. ಆಗ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪಕ್ಕದ ಮರದ ವಿದ್ಯೆ ನಮ್ಮಲ್ಲಿಗೆ ಆ ಪೂರ್ವದ ಸಮುದ್ರದ ಜನರಿಂದ ಬಂದದ್ದು ಅನ್ನುವುದು ಅವನ ವಾದ.

ನನಗೆ ಹೆಚ್ಚು ಇಷ್ಟವಾದದ್ದು ಶ್ರೀಲಂಕಾದ ಒರುವ ದೋಣಿ. ಅದಕ್ಕೆ ಹಿಂದು ಮುಂದು ಅಂತ ಇಲ್ಲ. ಪಕ್ಕದ ಮರ ಯಾವಾಗಲೂ ಗಾಳಿ ಬರುವ ಕಡೆಗೇ ಇರಬೇಕು. ದಿಕ್ಕು ಬದಲಿಸುವಾಗ ದೋಣಿ ತಿರುಗಿಸುವುದಿಲ್ಲ, ಹಾಯಿಯನ್ನು ಆ ತುದಿಯಿಂದ ಈ ತುದಿಗೆ ಬದಲಿಸಿ ಹಿಂದೆ ಇದ್ದದ್ದನ್ನೇ ಮುಂದೆ ಮಾಡಿಕೊಂಡು ಹೊರಡುತ್ತಾರೆ. ಲಂಕೆಯ ಸಮುದ್ರದ ಹಡಗುಗಳಿಗೆ 'ಎರಡೂ ಕಡೆ ಮೂತಿ' ಇದೆ ಅಂತ ರೋಮಿನ ಪ್ಲಿನಿ ಮೊದಲ ಶತಮಾನದಲ್ಲೇ ಬರೆದಿದ್ದಾನೆ. ಗಾಳಿ ಜೋರಾದರೆ ಆಳುಗಳು ಗಳದ ಮೇಲೆ ಹೊರಗೆ ಹೋಗಿ ಕೂರುತ್ತಾರೆ. ಗಾಳಿಯ ಲೆಕ್ಕವೂ ಅದರಲ್ಲೇ: ಒಬ್ಬಾಳಿನ ಗಾಳಿ, ಇಬ್ಬರಾಳಿನ ಗಾಳಿ. ಹವಾಮಾನ ಇಲಾಖೆಯವರ ಕಿಲೋಮೀಟರಿಗಿಂತ ಇದು ಚೆನ್ನಾಗಿ ಅರ್ಥವಾಗುತ್ತದೆ.

ದೊಡ್ಡಪ್ಪನಿಗೆ ಇದನ್ನು ಹೇಳಿದೆ. "ನಾವ್ ಸಾ ಕೂತ್ಕಂತಿತ್ತ್" ಅಂದರು, ದೊಡ್ಡ ವಿಷಯವೇನಲ್ಲ ಅನ್ನುವ ಹಾಗೆ.

ಕರಾವಳಿಯ ಹೊಳೆಗಳಲ್ಲಿ ಇದೇ ಬುದ್ಧಿ ಇನ್ನೊಂದು ರೂಪದಲ್ಲಿತ್ತು. ಹೆದ್ದಾರಿಗೆ ಸೇತುವೆ ಬರುವ ಮೊದಲು ಬಸ್ಸನ್ನೂ ದಾಟಿಸುತ್ತಿದ್ದ ಜಂಗಲ್ ನೆನಪಿದೆಯಾ? ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದು. ನಮ್ಮ ಶರಾವತಿ ಹಿನ್ನೀರಿನಲ್ಲಿ, ತುಂಗೆಯಲ್ಲಿ ಪಕ್ಕದ ಮರದ ದೋಣಿ ಕಾಣಿಸದಿರುವುದಕ್ಕೆ ಕಾರಣವೂ ಸರಳ. ಇಲ್ಲಿ ದಡಕ್ಕೆ ಒಡೆಯುವ ಅಲೆ ಇಲ್ಲ. ತೆಪ್ಪ ಸಾಕು.

ಮಾವಿಗೆ ಇರುವ ಕಾಯಿಲೆಗಳನ್ನು ಕರಾವಳಿಯವರು ಎಣ್ಣೆಯಿಂದ ನಿಭಾಯಿಸಿದರು. ಬೈಗೆ ಮೀನಿನ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ. ಗೇರಿನದ್ದು ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ಹುಳುವಿಗೂ ಅದೇ ಗತಿ. ಮೀನಿನ ಎಣ್ಣೆಯ ವಾಸನೆ ಚಪ್ಪರದಡಿ ಇನ್ನೂ ಇತ್ತು, ಕಡೆಯ ಸಲ ಹಚ್ಚಿ ಎಷ್ಟು ವರ್ಷವಾಯಿತೋ ಏನೋ. ಸಮುದ್ರದಲ್ಲಿ ಮರ ಕೊರೆಯುವ ಹುಳು ಬೇರೆಯೇ ಇದೆ. ಅದಕ್ಕೆ ಮದ್ದು, ದೋಣಿಯನ್ನು ನೀರಿನಲ್ಲಿ ಬಿಡದೆ ದಿನಾ ದಡಕ್ಕೆ ಎಳೆದು ಒಣಗಿಸುವುದು. ವರ್ಷಕ್ಕೊಮ್ಮೆ ಹಳೆಯ ಹೊಲಿಗೆ ಬಿಚ್ಚಿ, ಹೊಸ ಹಗ್ಗ ಹಾಕಿ, ಮತ್ತೆ ಎಣ್ಣೆ. ಹೀಗೆ ನೋಡಿಕೊಂಡರೆ ನಮ್ಮ ಸೆಂಟ್ರಿಂಗ್ ಹಲಗೆಯ ಮರ ಒಬ್ಬ ಮನುಷ್ಯನ ದುಡಿಮೆಯ ಕಾಲ ಪೂರ್ತಿ ಬಾಳುತ್ತದೆ. ಮಿಲ್ಲಿನಲ್ಲಿ ಅದಕ್ಕೆ ಹೆಸರಿಲ್ಲದಿರುವುದಕ್ಕೆ ಕಾರಣ ಮರವಲ್ಲ, ಅದಕ್ಕೆ ಯಾರೂ ಎಣ್ಣೆ ಹಚ್ಚದಿರುವುದು ಅನ್ನಿಸಿತು.

ಈಗ ಯಾಕೆ ಮಾಡುವುದಿಲ್ಲ ಅಂದರೆ ಒಂದೇ ಕಾರಣ ಇಲ್ಲ. ಮರ ಹೋಯಿತು, ಅದು ಮೊದಲನೆಯದು. ದೊಡ್ಡ ಕಾಡುಮಾವುಗಳನ್ನು ಪ್ಲೈವುಡ್ಡಿನವರು ಬಾಚಿಕೊಂಡು ಹೋದರು. ಆ ಲೋಡುಗಳ ಲೆಕ್ಕ ನಾನೂ ಬರೆದಿದ್ದೇನೆ. ಸಮುದ್ರದ ಕಡೆ 1970ರ ದಶಕದ ಮಧ್ಯದಲ್ಲಿ ಎಂಜಿನ್ ಬೋಟಿನಿಂದ ಮೀನಿನ ಹಿಂಡನ್ನೇ ಸುತ್ತಿ ಹಿಡಿಯುವ ಪರ್ಸೀನ್ ಬಲೆ ಬಂತು, ದಡದಿಂದ ಜನ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ ಮುಗಿಯಿತು. ಆಮೇಲೆ ಔಟ್‌ಬೋರ್ಡ್ ಎಂಜಿನ್, ಫೈಬರ್ ದೋಣಿ. ಎಂಜಿನ್ನಿನ ವೇಗಕ್ಕೆ ಪಕ್ಕದ ಮರ ಬ್ರೇಕು ಹಾಕಿದ ಹಾಗೆ, ದೋಣಿಯನ್ನು ಒಂದು ಕಡೆಗೆ ಎಳೆಯುತ್ತದೆ. ಬಂದರಿನ ಇಕ್ಕಟ್ಟಿನಲ್ಲಿ ನಿಲ್ಲಿಸಲೂ ಅಡ್ಡಿ. ಫೈಬರಿಗೆ ಮರದ ಹಂಗಿಲ್ಲ, ಅಚ್ಚು ಎಷ್ಟು ಅಗಲವೋ ದೋಣಿ ಅಷ್ಟು ಅಗಲ. ಕೊರತೆಯೇ ಇಲ್ಲದ ಮೇಲೆ ಪಕ್ಕದ ಮರಕ್ಕೆ ಕೆಲಸ ಏನು?

ಫೈಬರ್ ಬಂದದ್ದಕ್ಕೆ ಬೇಜಾರಿಲ್ಲವಾ ಅಂತ ದೊಡ್ಡಪ್ಪನನ್ನು ಕೇಳಿದೆ. ಹಳೆಯದರ ಬಗ್ಗೆ ಎರಡು ಒಳ್ಳೆಯ ಮಾತು ಬರಲಿ ಅನ್ನುವ ಆಸೆ ನನಗೆ ಇತ್ತು ಅಂತಿಟ್ಟುಕೊಳ್ಳಿ.

"ಎಂತಕ್ಕೆ ಬೇಜಾರ್? ಈ ದೋಣಿ ಎಳುಕ್ ಎಂಟ್ ಜನ ಬೇಕಿತ್ತ್. ಎಣ್ಣಿ ಹಚ್ಚಿ ಹಚ್ಚಿ ಕೈ ಸುಟ್ಟ್ ಹೋಯ್ತ್."

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ ಇದ್ದಾಗ ಮಳೆಯಲ್ಲೇ ಹೊರಡುವವರು ಈ ನಾಡದೋಣಿಯವರು. ಆಗಿನ ಸಮುದ್ರದ ಮುಂದೆ ಹಗುರ ಫೈಬರ್ ದೋಣಿ ಬೇಕು ಅನ್ನುವವರಿಗೆ, ಘಟ್ಟದ ಮೇಲೆ ಕುಳಿತ ನಾನು ಏನು ಹೇಳಲಿ.

ಆದರೂ ದೊಡ್ಡಪ್ಪ ಆ ದೋಣಿಯನ್ನು ಮಾರಿಲ್ಲ. ರೆಸಾರ್ಟಿನವರು ಗಾರ್ಡನ್ನಿನಲ್ಲಿ ಇಟ್ಟು ಹೂವಿನ ಗಿಡ ನೆಡಲು ಕೇಳಿದ್ದರಂತೆ, ಕೊಡಲಿಲ್ಲ. ಹೊಳೆಬಾಗಿಲಿನ ಒಳಗೆ, ಅಲೆ ಇಲ್ಲದ ಕಡೆ, ಏಡಿಗೆ ಹೋಗಲು ಇಳಿಸಬೇಕು ಅನ್ನುವ ಯೋಚನೆ ಇದೆ. ಹೊಟ್ಟೆ ಗಟ್ಟಿ ಇದೆ. ಹೊಲಿಗೆ ಹೊಸದು ಹಾಕಿದರಾಯಿತು. ಪಕ್ಕದ ಮರಕ್ಕೆ ಮಾತ್ರ ಒಳಗೆ ಗೆದ್ದಲು ಹಿಡಿದಿದೆ, ಇನ್ನು ನೀರಿಗೆ ಆಗುವುದಿಲ್ಲ.

ಅಲ್ಲಿಗೆ ನಮ್ಮ ಮಾತು ವ್ಯವಹಾರಕ್ಕೆ ಬಂತು. ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಸತ್ತ ಒಂದು ಹಾಲುವಾಣ ನಿಂತಿದೆ. ನೆಟ್ಟಗಿದೆ, ಹದಿಮೂರು ಹದಿನಾಲ್ಕು ಅಡಿ ಸಿಗಬಹುದು. ದೊಡ್ಡಪ್ಪನ ಷರತ್ತು ಎರಡು. ಮಳೆ ಬಿಟ್ಟ ಮೇಲೆ ಕತ್ತಲೆ ಪಕ್ಷದಲ್ಲೇ ಕಡಿಯಬೇಕು. ಮಿಲ್ಲಿಗೆ ಹಾಕಿ ಕೊಯ್ಯಬಾರದು, ತೊಗಟೆ ಸುಲಿದು ಹಾಗೇ ಕಳಿಸಬೇಕು, ಕೆತ್ತುವುದು ಅವರೇ. ಮೀನಿನವನ ಟೆಂಪೋ ಹೇಗೂ ಖಾಲಿ ಇಳಿಯುತ್ತದೆ. ಚೆಕ್‌ಪೋಸ್ಟಿನಲ್ಲಿ ದಿಮ್ಮಿ ನೋಡಿ ತಡೆದರೆ ಎಂತ ಹೇಳುವುದು ಅನ್ನುವುದು ಅವನ ಚಿಂತೆ. ಅದಕ್ಕೆ ಬೇಕಾದ ಕಾಗದ ನಾನು ಮಾಡಿಸಿಕೊಡುತ್ತೇನೆ, ಅದು ನನ್ನ ಕಸುಬು. ಬಾಡಿಗೆಗೆ ಬದಲು ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ಬೇಕಂತೆ. ನಮ್ಮವಳು ಒಪ್ಪಿದ್ದಾಳೆ, ಬಂಗುಡೆ ಮಾತ್ರ ಐಸಿನದ್ದು ಬೇಡ ಅಂದಿದ್ದಾಳೆ.